ಕಲ್ಲಿಗೆ ಹೇಳುವ ಮೊದಲು

ಅರಸೀಕೆರೆ ಜಂಕ್ಷನ್ನಿನ ಮೂಲಕ ನಾನು ಎಷ್ಟು ಸಲ ಹಾದುಹೋಗಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಹುಬ್ಬಳ್ಳಿಯ ಕಡೆಗೆ ಹೋಗುವ ಗಾಡಿ ಅಲ್ಲಿ ನಿಂತಾಗಲೆಲ್ಲ, ‘ನಮ್ಮ ಮೇಷ್ಟರ ಮನೆ ಇಲ್ಲಿಯೇ ಇದೆ, ಮುಂದಿನ ಸಲ ಇಳಿದು ನೋಡಿಕೊಂಡು ಹೋಗಬೇಕು’ ಎಂದುಕೊಳ್ಳುತ್ತಿದ್ದೆ. ಕಾಫಿ ಕುಡಿಯುವಷ್ಟರಲ್ಲಿ ಗಾಡಿ ಹೊರಡುತ್ತಿತ್ತು; ನನ್ನ ಸಂಕಲ್ಪವೂ ಅದರೊಡನೆ ಹೊರಟುಹೋಗುತ್ತಿತ್ತು.

ಕಡೆಗೊಮ್ಮೆ ಇಳಿದೆ; ಮೇಷ್ಟರ ವೈಕುಂಠ ಸಮಾರಾಧನೆಗೆ. ಊಟವಾದ ಮೇಲೆ ಹಳೆಯ ಶಿಷ್ಯರು ನಾಲ್ವರು ಮಾತನಾಡಿದೆವು. ನನ್ನ ಪರೀಕ್ಷೆಯ ಶುಲ್ಕವನ್ನು ಅವರು ತಮ್ಮ ಸಂಬಳದಿಂದ ಕಟ್ಟಿದ್ದು, ಅವರಿಲ್ಲದಿದ್ದರೆ ನಾನು ಲೇಖನಿ ಹಿಡಿಯುತ್ತಲೇ ಇರಲಿಲ್ಲವೆಂಬುದು, ಎಲ್ಲವನ್ನೂ ಗದ್ಗದ ಕಂಠದಿಂದ ಹೇಳಿದೆ. ಕೇಳಿದವರು ಕಣ್ಣೊರೆಸಿಕೊಂಡರು. ಹೊರಡುವಾಗ ಮೇಷ್ಟರ ಪತ್ನಿ ಬಾಗಿಲವರೆಗೆ ಬಂದು, “ಚೆನ್ನಾಗಿ ಹೇಳಿದೆಯಪ್ಪ. ಇದನ್ನು ಅವರ ಎದುರಿಗೆ ಒಂದು ಸಲವಾದರೂ ಹೇಳಿದ್ದೆಯಾ?” ಎಂದರು. ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮನಸ್ಸಿಗೆ ನೆಮ್ಮದಿಯಿಲ್ಲದೆ ಜಾವಗಲ್ಲಿನ ದಾರಿಯಾಗಿ ಹಳೇಬೀಡಿಗೆ ಹೋದೆ. ಹೊಯ್ಸಳೇಶ್ವರ ದೇವಾಲಯದ ದಕ್ಷಿಣಕ್ಕೆ ಒಂದು ಕಂಬವಿದೆ. ಶಿಲ್ಪಗಳನ್ನು ನೋಡುವ ಆತುರದಲ್ಲಿ ಬಹುಮಂದಿ ಅದನ್ನು ಗಮನಿಸುವುದಿಲ್ಲ. ಇಮ್ಮಡಿ ವೀರಬಲ್ಲಾಳನ ಅಂಗರಕ್ಷಕನೂ ದಂಡನಾಯಕನೂ ಆಗಿದ್ದ ಕುವರ ಲಕ್ಷ್ಮನ ಸ್ಮಾರಕವದು. 1220ರಲ್ಲಿ ಬಲ್ಲಾಳನು ತೀರಿಕೊಂಡಾಗ ಲಕ್ಷ್ಮನೂ ಅವನ ಮಡದಿ ಸುಗ್ಗಲದೇವಿಯೂ ಸಂಗಡಿಗರೂ ಪ್ರಾಣವನ್ನೇ ಒಪ್ಪಿಸಿದರೆಂದು ಶಾಸನ ಸಾರುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಕಂಬದ ಮೇಲೆ ಕೆತ್ತಲಾಗಿದೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಶಾಸನವಾದರೋ ನಡುವೆಯೇ ನಿಂತುಹೋಗಿದೆ. ಆ ನಿಷ್ಠೆಗೆ ತಲೆಬಾಗುತ್ತಲೇ ನನಗೊಂದು ಪ್ರಶ್ನೆ ಹುಟ್ಟಿತು: ಸತ್ತ ದೊರೆಗೆ ಪ್ರಾಣದಿಂದ ಸಂದ ಈ ಪ್ರೀತಿ, ಬದುಕಿದ್ದ ದೊರೆಗೆ ಎಂದಾದರೂ ಒಂದು ಮಾತಿನಿಂದ ಸಂದಿತ್ತೆ? ಅದನ್ನು ಕಂಬ ಹೇಳುವುದಿಲ್ಲ.

ಪ್ರಾಣ ಕೊಡುವ ಕಾಲ ಹೋಯಿತು, ಹೋದದ್ದೇ ಒಳ್ಳೆಯದಾಯಿತು. ಆದರೆ ತಡಮಾಡುವ ಅಭ್ಯಾಸ ಹೋಗಿಲ್ಲ. ತಂದೆಗೆ ಇಷ್ಟವೆಂದು ತಿಥಿಯ ದಿನ ವಡೆಯನ್ನೂ ಪಾಯಸವನ್ನೂ ಮರೆಯದೆ ಮಾಡುತ್ತೇವೆ. ಅವರಿದ್ದಾಗ, ‘ಈ ದಿನ ಏನು ಮಾಡಲಿ?’ ಎಂದು ಎಷ್ಟು ಸಲ ಕೇಳಿದ್ದೆವು? ಎದುರಿಗೆ ಹೊಗಳಿದರೆ ದೃಷ್ಟಿ ತಾಗುತ್ತದೆಂಬ ಭಯ ಒಂದು ಕಡೆ. ಮನೆಯವರಿಗೆ ವಂದನೆ ಹೇಳಿದರೆ, ‘ನಾವೇನು ಹೊರಗಿನವರೆ?’ ಎಂದಾರೆಂಬ ಸಂಕೋಚ ಮತ್ತೊಂದು ಕಡೆ. ನಿಜ, ‘ಊಟವಾಯಿತೆ?’ ಎಂಬ ನಮ್ಮ ಎರಡು ಮಾತುಗಳಲ್ಲಿ ಬಹಳಷ್ಟು ಪ್ರೀತಿ ಅಡಗಿರುತ್ತದೆ. ಆದರೆ ಅಡಗಿರುವುದನ್ನು ಎಲ್ಲರೂ ಎಲ್ಲ ಕಾಲದಲ್ಲಿಯೂ ಹುಡುಕಿಕೊಳ್ಳಲಾರರು. ಹೊಗಳಿಕೆ ಬೇರೆ, ಋಣವನ್ನು ಒಪ್ಪಿಕೊಳ್ಳುವುದು ಬೇರೆ. ಮೊದಲನೆಯದಕ್ಕೆ ಸಂಕೋಚಪಟ್ಟರೆ ತಪ್ಪಿಲ್ಲ. ಎರಡನೆಯದನ್ನು ನಾಳೆಗೆ ಇಟ್ಟುಕೊಳ್ಳಬಾರದು.

ಹಳೇಬೀಡಿನಿಂದ ಬೇಲೂರಿಗೆ ಬಂದೆ. ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿನ ಮದನಿಕೆಯರ ಪೀಠಗಳಲ್ಲಿ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕೆಲವು ಹೆಸರುಗಳಿಗೆ ಬಿರುದುಗಳೂ ಅಂಟಿಕೊಂಡಿವೆ. 2023ರಲ್ಲಿ ಯುನೆಸ್ಕೊ ಸಂಸ್ಥೆ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಂಬೈನೂರು ವರ್ಷಗಳ ಅನಂತರ ಬಂದ ಆ ಮನ್ನಣೆ ದಾಸೋಜನ ಕಿವಿಗೆ ಬೀಳಲಿಲ್ಲ. ಆದರೆ ಪೀಠದ ಮೇಲಿನ ಹೆಸರನ್ನು ಅವನು ಬದುಕಿದ್ದಾಗಲೇ ಕಂಡಿದ್ದನು. ಅಷ್ಟು ಎತ್ತರದಲ್ಲಿ, ದೇವರ ಮನೆಯಲ್ಲಿ, ಕೂಲಿಯ ಜೊತೆಗೆ ಹೆಸರಿಗೂ ಎಡೆಯಿತ್ತು. ಎರಡು ಊರುಗಳ ನಡುವೆ ಇರುವುದು ಹದಿನಾರು ಕಿಲೋಮೀಟರು. ಒಂದರಲ್ಲಿ ಸತ್ತ ಮೇಲಿನ ಕಂಬ; ಇನ್ನೊಂದರಲ್ಲಿ ಇದ್ದಾಗಿನ ಹೆಸರು.

ಬೇಲೂರಿನಲ್ಲಿ ನನ್ನ ಅತ್ತಿಗೆ ಇದ್ದಾರೆ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಅವರೇ. ಆ ರಾತ್ರಿ ಊಟಕ್ಕೆ ಕುಳಿತಾಗ ಬಹಳ ಕಷ್ಟಪಟ್ಟು, “ಅತ್ತಿಗೆ, ನೀವಿಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ತಿಳಿಯದು” ಎಂದೆ. ಅವರು ಸೌಟನ್ನು ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದರು. “ಯಾಕಪ್ಪಾ, ಮೈಗೆ ಹುಷಾರಿಲ್ಲವೆ?” ಎಂದವರೇ ಒಳಗೆ ಹೋಗಿಬಿಟ್ಟರು. ಬಹಳ ಹೊತ್ತಿನವರೆಗೆ ಹೊರಗೆ ಬರಲಿಲ್ಲ. ನನ್ನ ಮಾತು ವ್ಯರ್ಥವಾಯಿತೆಂದು ಪೆಚ್ಚಾದೆ.

ಬೆಳಿಗ್ಗೆ ಹೊರಡುವಾಗ ಅಣ್ಣ ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದರು. ಅತ್ತಿಗೆ ಹತ್ತಿರ ಬಂದು, ನಗುವನ್ನು ತಡೆದುಕೊಂಡು, ಮೆಲ್ಲಗೆ ಹೇಳಿದರು: “ರಾತ್ರಿ ಏನೋ ಹೇಳಿದೆಯಲ್ಲ, ಅದನ್ನು ಇನ್ನೊಂದು ಸಲ ಹೇಳು. ಸ್ವಲ್ಪ ಗಟ್ಟಿಯಾಗಿ. ನಿಮ್ಮಣ್ಣನಿಗೂ ಕೇಳಿಸಲಿ.”