ತಲೆಬರಹದ ‘ಬೆಂಗಳೂರು ದಕ್ಷಿಣ’ ಯಾವೂರು ಸ್ವಾಮಿ?

ಚನ್ನಪಟ್ಟಣ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಹೊತ್ತು ಪೇಪರ್ ಕೊಳ್ಳುವವರನ್ನು ನಿಂತು ನೋಡಿ. ಬಸ್ಸು ಹೊರಡೋಕೆ ಎರಡು ನಿಮಿಷ. ಕೈಯಲ್ಲಿ ಚಿಲ್ಲರೆ, ಕಣ್ಣು ದಪ್ಪಕ್ಷರದ ಮೇಲೆ. ಆ ಅಕ್ಷರ ಹಿಡಿದು ನಿಲ್ಲಿಸಿದರೆ ಪೇಪರ್ ಹೋಯ್ತು, ಇಲ್ಲದಿದ್ದರೆ ಆ ಕಾಸು ಕಡಲೆಕಾಯಿ ಪೊಟ್ಟಣಕ್ಕೆ. ಲಂಕೇಶರು 1980ರಲ್ಲಿ ಜಾಹೀರಾತೇ ಇಲ್ಲದ ವಾರಪತ್ರಿಕೆ ತಂದು ನಡೆಸಿದ್ದು ಓದುಗ ಕೊಟ್ಟ ಕಾಸಿನಿಂದ. ಮುಖಪುಟದ ನಾಲ್ಕು ಪದಕ್ಕೆ ಅಷ್ಟು ಬೆಲೆ. ಅಂಥ ಜಾಗದಲ್ಲೀಗ ನಮ್ಮ ಜಿಲ್ಲೆಯ ಹೆಸರೇ ತೊಡಕಾಗಿ ಕೂತಿದೆ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಒಡೆದು ರಾಮನಗರ ಜಿಲ್ಲೆ ಆಯಿತು. 2025ರ ಮೇ 22ರಂದು ಸಚಿವ ಸಂಪುಟ ಅದಕ್ಕೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಡಲು ಒಪ್ಪಿತು. ಬೆಂಗಳೂರು ಅನ್ನೋ ಹೆಸರಿದ್ದರೆ ಬಂಡವಾಳ ಬರುತ್ತೆ, ಜಮೀನಿಗೆ ಬೆಲೆ ಬರುತ್ತೆ ಅಂತ ಡಿ.ಕೆ. ಶಿವಕುಮಾರ್ ವಾದ. ಕುಮಾರಸ್ವಾಮಿಯವರದು ಕಡು ವಿರೋಧ. ಆ ಜಗಳ ಬೇಕಾದಷ್ಟು ಅಚ್ಚಾಗಿದೆ, ಬಿಡಿ.

‘ರಾಮನಗರ ಇನ್ನಿಲ್ಲ’ ಅಂತ ಹಾಕಿದರೆ ನೂರು ಪ್ರತಿ ಹೆಚ್ಚು ಖರ್ಚಾಗಬಹುದು. ಆದರೆ ಊರಿನ ಹೆಸರು ರಾಮನಗರವೇ, ಜಿಲ್ಲಾ ಕೇಂದ್ರವೂ ಇಲ್ಲೇ. ಒಳಗಿನ ಸುದ್ದಿ ಓದದೆ ಬಸ್ಸು ಹತ್ತಿದವನು ಬಿಡದಿ ತನಕ ಸುಳ್ಳು ಹಂಚುತ್ತಾ ಹೋಗ್ತಾನೆ. ತಪ್ಪು ಅವನದಲ್ಲ, ಬರೆದ ನಮ್ಮದು.

ಇದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿದೆ. ‘ಬೆಂಗಳೂರು ದಕ್ಷಿಣದಲ್ಲಿ ಆಸ್ತಿ ತೆರಿಗೆ ಏರಿಕೆ’ ಅಂತ ಹಾಕಿದೆವು ಅಂತಿಟ್ಟುಕೊಳ್ಳಿ. ಕನಕಪುರದ ಅಂಗಡಿಯವನ ಎದೆ ಝಲ್ ಅನ್ನುತ್ತೆ. ಅದು ಅವನದೋ, ಜಯನಗರದವರದೋ? 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರನ್ನು ಐದು ನಗರ ಪಾಲಿಕೆ ಮಾಡಿದಾಗ ಒಂದಕ್ಕೆ ದಕ್ಷಿಣ ಅಂತಲೇ ಹೆಸರು ಬಿತ್ತು. ಅದೇ ಹೆಸರಿನ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಯಲ್ಲಿದೆ. ಲೋಕಸಭಾ ಕ್ಷೇತ್ರವಿದೆ, ವಿಧಾನಸಭಾ ಕ್ಷೇತ್ರವೂ ಇದೆ. ತಮಾಷೆ ಕೇಳಿ: ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಇರೋದು ಬೆಂಗಳೂರು ಗ್ರಾಮಾಂತರ ಲೋಕಸಭೆಯೊಳಗೆ! ನಮ್ಮ ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣವೂ ಅಲ್ಲೇ. ಅಂದರೆ ‘ಬೆಂಗಳೂರು ದಕ್ಷಿಣ ಸಂಸದ’ ಅಂತ ಅಚ್ಚಾದರೆ ಆತ ಬೆಂಗಳೂರು ದಕ್ಷಿಣ ಜಿಲ್ಲೆಯ ಸಂಸದನಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಇದನ್ನು ಬಿಡಿಸಿಕೊಳ್ಳೋಕೆ ಒಂದು ಮಧ್ಯಾಹ್ನ ಹಿಡಿಯಿತು.

ಜಾಗದ ಲೆಕ್ಕವೂ ಇದೆ. ‘ಮಾಗಡಿ’ ಅಂದರೆ ಮೂರಕ್ಷರ. ‘ಬೆಂಗಳೂರು ದಕ್ಷಿಣ ಜಿಲ್ಲೆ’ ಒಂಬತ್ತು, ಒಂದು ಕಾಲಂ ಅದಕ್ಕೇ ಮುಗೀತು. ಸರ್ಕಾರಿ ಕಾಗದದಲ್ಲಿ ಏನಾದರೂ ಇರಲಿ, ತಲೆಬರಹದಲ್ಲಿ ಊರ ಹೆಸರು ಮೊದಲು ಬರಲಿ ಅನ್ನೋದು ನನ್ನ ಮಾತು. ಹಳೇ ಹೆಸರು ಅಷ್ಟು ಸುಲಭಕ್ಕೆ ಸಾಯಲ್ಲ. ನಮ್ಮ ಬಂಡೆಗಳಿಗೆ ಭೂವಿಜ್ಞಾನಿಗಳು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಅನ್ನೋದು.

ಊರು ಹಾಕದೆ ‘ಗೂಡಿನ ಬೆಲೆ ಕುಸಿತ’ ಅಂತ ಬರೆಯೋದು ಎಲ್ಲಕ್ಕಿಂತ ಕೆಟ್ಟದ್ದು. ರಾಮನಗರ ಮಾರುಕಟ್ಟೆಯದೋ, ಶಿಡ್ಲಘಟ್ಟದ್ದೋ? ಮಿಶ್ರತಳಿಯೋ, ದ್ವಿತಳಿಯೋ? ಹುಳು ಹಣ್ಣಾಗಿ ಗೂಡು ಕಟ್ಟಿದ ಮೇಲೆ ರೈತ ಹೆಚ್ಚು ದಿನ ಕಾಯಲಾರ, ಚಿಟ್ಟೆ ಹೊರಬಂದರೆ ಗೂಡು ನೂಲಿಗೆ ಬಾರದು. ಆ ಅರ್ಧ ಸಾಲು ನೋಡಿ ಹೆದರಿದವನು ಮನೆ ಬಾಗಿಲಿಗೆ ಬಂದ ದಲ್ಲಾಳಿ ಹೇಳಿದ ರೇಟಿಗೇ ಗೂಡು ಸುರಿದುಬಿಡ್ತಾನೆ.