ಹಿಂತಿರುಗುವ ಗಂಟೆಯನ್ನೂ ಬರೆದಿಡೋಣ

ಅಕ್ಟೋಬರ್ ಬಂತೆಂದರೆ ಬಾಸ್ಟನ್ ಸುತ್ತಮುತ್ತಲಿನ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: ಎಲೆ ಬಣ್ಣ ನೋಡಲು ನ್ಯೂ ಹ್ಯಾಂಪ್‌ಶೈರ್‌ಗೆ ಹೋಗೋಣ. ನಾಲ್ಕೈದು ಕಾರು, ಮಕ್ಕಳು, ಊರಿಂದ ಬಂದ ಅಪ್ಪ-ಅಮ್ಮ, ಡಬ್ಬಿ ತುಂಬ ಪುಳಿಯೋಗರೆ. ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಫ್ರಾಂಕೋನಿಯಾ ರಿಡ್ಜ್ ಸುತ್ತಿಬಿಡೋಣ, ಕುಮಾರ ಪರ್ವತ ಹತ್ತಿದವರಿಗೆ ಇದೇನು ಮಹಾ’ ಎಂಬ ಮಾತು ಬಂದಾಗ ಸ್ವಲ್ಪ ಲೆಕ್ಕ ಹಾಕಬೇಕು.

ಎತ್ತರ ನೋಡಿದರೆ ಮಾತು ಸರಿಯೇ. ಕುಮಾರ ಪರ್ವತ 1,712 ಮೀಟರ್, ಇಲ್ಲಿನ ಮೌಂಟ್ ಲಾಫಯೆಟ್ ಸುಮಾರು 1,600. ಆದರೆ ಇಲ್ಲಿ ತುದಿಗೆ ಬಹಳ ಮೊದಲೇ ಚಳಿಗೆ ಮರಗಳು ನಿಂತುಹೋಗುತ್ತವೆ. ಆಮೇಲೆ ಬರೀ ಬಂಡೆ, ಗಾಳಿ. ಕೆಳಗೆ ತೆಳು ಸ್ವೆಟರ್ ಸಾಕೆನಿಸಿದ ದಿನ ಮೇಲೆ ಹಿಮ ಬೀಳಬಹುದು. ಬೆವರಿಗೆ ತೊಯ್ದ ಹತ್ತಿ ಟೀ ಶರ್ಟು, ಜೀನ್ಸು ಅಲ್ಲಿ ಮೈಗೆ ಶತ್ರು.

ಇನ್ನು ಸಮಯ. ಲೆಕ್ಕಪತ್ರದವರಾದ ನಮಗೆ ಇದೇ ಮುಖ್ಯ. ಪೂರ್ತಿ ಸುತ್ತು ಸುಮಾರು 14 ಕಿ.ಮೀ., ಏರಿಕೆ ಸುಮಾರು 1,200 ಮೀಟರ್. ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದಂತೆ 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಅಲ್ಲಿಗೆ ಐದು ಗಂಟೆ, ಅದೂ ಗಟ್ಟಿಮುಟ್ಟಾದವರಿಗೆ, ಕೂರದೆ ನಡೆದರೆ. ಮಕ್ಕಳು, ಊಟ, ಫೋಟೋ ಸೇರಿದರೆ ಎಂಟು ಎಂದಿಟ್ಟುಕೊಳ್ಳಿ. ಬಾಸ್ಟನ್ನಿನಿಂದ ಎರಡು ಗಂಟೆಗೂ ಹೆಚ್ಚು ಕಾರಿನಲ್ಲಿ ಬಂದು ಹತ್ತೂವರೆಗೆ ಹತ್ತಲು ಶುರು ಮಾಡಿದರೆ ಇಳಿಯುವಾಗ ಆರೂವರೆ. ಅಕ್ಟೋಬರ್ ಮಧ್ಯದಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸಿನಲ್ಲಿ. ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಮೊಬೈಲ್ ಟಾರ್ಚ್ ನಂಬಿ ಒದ್ದೆ ಕಲ್ಲಿನ ಮೇಲೆ ವಯಸ್ಸಾದವರನ್ನು ಇಳಿಸುವುದು ಸಾಹಸವಲ್ಲ, ಅನ್ಯಾಯ. ತಲೆಗೆ ಕಟ್ಟುವ ದೀಪ ತಲೆಗೊಂದರಂತೆ ಇರಲಿ.

‘ಹೈಕ್ ಸೇಫ್ ಕಾರ್ಡ್ ಇದೆಯಲ್ಲ’ ಎನ್ನುವವರಿದ್ದಾರೆ. ಒಬ್ಬರಿಗೆ 25 ಡಾಲರ್, ಕುಟುಂಬಕ್ಕೆ 35. ಖಂಡಿತ ಕೊಳ್ಳಿ, ಹಣ ರಕ್ಷಣಾ ಕಾರ್ಯಕ್ಕೇ ಹೋಗುತ್ತದೆ. ಅಜಾಗರೂಕತೆಯಿಂದ ಸಿಕ್ಕಿಕೊಂಡವರಿಗೆ ನ್ಯೂ ಹ್ಯಾಂಪ್‌ಶೈರ್ ರಕ್ಷಣೆಯ ಖರ್ಚಿನ ಬಿಲ್ ಕಳಿಸಬಹುದು. ಕಾರ್ಡ್ ಇದ್ದರೆ ಅದು ತಪ್ಪುತ್ತದೆ. ಆದರೆ ತೀರಾ ಬೇಕಾಬಿಟ್ಟಿಯಾಗಿ ನಡೆದುಕೊಂಡವರಿಗೆ ಕಾರ್ಡೂ ನೆರವಾಗದು. ಅದು ಬಿಲ್ಲನ್ನು ತಡೆದೀತು, ಚಳಿಯನ್ನಲ್ಲ.

ಹಿರಿಯರು, ಮಕ್ಕಳು ಜೊತೆಗಿದ್ದರೆ ಓಲ್ಡ್ ಬ್ರೈಡಲ್ ಪಾತ್ ಹಿಡಿದು, ದಾರಿಯಲ್ಲಿ ಮರ ಸರಿದು ಕಣಿವೆ ಕಾಣುವಲ್ಲಿಯೇ ಕೂತು ಉಂಡು ಇಳಿದರೂ ಸಾಕು. ಬಣ್ಣವಂತೂ ಮೇಲಿನ ಬಂಡೆಗಳಲ್ಲಿಲ್ಲ, ಕೆಳಗಿನ ಕಾಡಿನಲ್ಲೇ ಇದೆ. ಈ ಶನಿವಾರ ಹೊರಡುವ ಗುಂಪುಗಳು ಹೊರಡುವ ಗಂಟೆಯ ಪಕ್ಕದಲ್ಲೇ ಹಿಂತಿರುಗುವ ಗಂಟೆಯನ್ನೂ ಬರೆದು ಹಾಕಲಿ.