ಒಂದೇ ಊರಿನ ಹೆಸರು, ಕೀಲಿಮಣೆ ಮಾತ್ರ ಮೂರು!

'ಜಗಳೂರು' ಎಂದು ಪಾಟಿಯ ಮೇಲೆ ಬರೆಯಲು ಮೂರನೇ ತರಗತಿಯ ಮಗುವಿಗೂ ಕಷ್ಟವಿಲ್ಲ. ಜ, ಗ, ಳೂ, ರು. ನಾಲ್ಕೇ ಅಕ್ಷರ. ಅದೇ ಮಗುವನ್ನು ಗಣಕಯಂತ್ರದ ಮುಂದೆ ಕೂರಿಸಿ ಅದೇ ಹೆಸರನ್ನು ಬೆರಳಚ್ಚು ಮಾಡಲು ಹೇಳಿ ನೋಡಿ. ಮಗು ನಿಮ್ಮ ಮುಖ ನೋಡುತ್ತದೆ. ನೀವು ಆ ಗಣಕದಲ್ಲಿ ಯಾವ ಕೀಲಿಮಣೆ ಹಾಕಿದ್ದಾರೆ ಎಂದು ಹುಡುಕತೊಡಗುತ್ತೀರಿ.

ಕೀಲಿಮಣೆಯ ಮೇಲೆ ಅಚ್ಚಾಗಿರುವುದು ಇಂಗ್ಲಿಷ್ ಅಕ್ಷರಗಳು. ಅವುಗಳ ಮೇಲೆ ಕನ್ನಡವನ್ನು ಹೊಂದಿಸುವ ಕ್ರಮ ಮಾತ್ರ ಒಂದೇ ಅಲ್ಲ. 'ನುಡಿ' ತಂತ್ರಾಂಶದಲ್ಲಿರುವ ಕೆ. ಪಿ. ರಾವ್ ವಿನ್ಯಾಸದಲ್ಲಿ ಜಗಳೂರು ಎಂದು ಬರೆಯಲು ಜೆ, ಜಿ, ದೊಡ್ಡ ಎಲ್, ದೊಡ್ಡ ಯು, ಆರ್, ಯು ಕೀಲಿಗಳನ್ನು ಒತ್ತಬೇಕು. ಕೇಂದ್ರ ಸರ್ಕಾರದ 'ಇನ್‌ಸ್ಕ್ರಿಪ್ಟ್' ವಿನ್ಯಾಸದಲ್ಲಾದರೆ ಪಿ, ಐ, ದೊಡ್ಡ ಎನ್, ಟಿ, ಜೆ, ಜಿ. ಇಂಗ್ಲಿಷ್ ಉಚ್ಚಾರಣೆಯಂತೆ ಒತ್ತುವ 'ಬರಹ'ದ ಕ್ರಮದಲ್ಲಿ ನಡುವೆ ಎರಡು ಸಲ ಎ ಕೂಡ ಸೇರಿ ಒಟ್ಟು ಎಂಟು ಒತ್ತು. ಗಮನಿಸಿ: ಒಂದು ಕಡೆ ಜೆ ಕೀಲಿ ಎಂದರೆ ಜ, ಇನ್ನೊಂದು ಕಡೆ ಅದೇ ಕೀಲಿ ರ. ಒಂದು ಕಡೆ ಜಿ ಎಂದರೆ ಗ, ಇನ್ನೊಂದು ಕಡೆ ಕೊಂಬು. ಬೆಳಿಗ್ಗೆ ಒಂದು ಗಣಕದಲ್ಲಿ ಕಲಿತದ್ದನ್ನು ಮಧ್ಯಾಹ್ನ ಪಕ್ಕದ ಗಣಕದಲ್ಲಿ ಮರೆಯಬೇಕು. ಮಗ್ಗಿಯನ್ನು ಕೋಣೆಗೊಂದು ರೀತಿ ಕಲಿಸಿದರೆ ನಾವು ಒಪ್ಪುತ್ತೇವೆಯೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಥಮಿಕ ಶಾಲೆಯಲ್ಲಿ ಒಂದೇ ಕೀಲಿಮಣೆಯನ್ನು ಕಲಿಸಬೇಕು, ಅದು ಕೆ. ಪಿ. ರಾವ್ ಅವರದ್ದಾಗಿರಬೇಕು. ಮತ್ತೆ, ಕನ್ನಡ ತುಂಬಿಸಿಕೊಳ್ಳುವ ಜಾಲತಾಣಗಳನ್ನು ಕಟ್ಟುವವರು ಮಕ್ಕಳ ಬೆರಳನ್ನು ದೂರುವುದನ್ನು ಬಿಟ್ಟು ತಮ್ಮ ಪುಟವನ್ನು ಸರಿಪಡಿಸಿಕೊಳ್ಳಬೇಕು.

ಈ ವಿನ್ಯಾಸವೇ ಏಕೆ? ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಮುದ್ರಣ ತಂತ್ರಜ್ಞಾನದಲ್ಲಿ ಪಳಗಿದವರು. ತಾವು ರೂಪಿಸಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ 'ಸೇಡಿಯಾಪು' ಎಂದೇ ಹೆಸರಿಟ್ಟು ಉಚಿತವಾಗಿ ಹಂಚಿದರು. ಅವರ ಉಪಾಯ ಸರಳವಾದದ್ದು. ಇಂಗ್ಲಿಷ್ ಕೀಲಿಗಳು 26. ಶಿಫ್ಟ್ ಒತ್ತಿದರೆ 52. ಕನ್ನಡ ವರ್ಣಮಾಲೆಯನ್ನು ಇಷ್ಟರೊಳಗೇ ಕೂರಿಸಬಹುದು. ಅಲ್ಪಪ್ರಾಣಕ್ಕೆ ಬರೀ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್ ಜೊತೆಗೆ: ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಹ್ರಸ್ವಕ್ಕೆ ಬರೀ ಕೀಲಿ, ದೀರ್ಘಕ್ಕೆ ಶಿಫ್ಟ್. ಗುಣಿತಾಕ್ಷರಕ್ಕೆ ಬೇರೆ ಕೀಲಿಯೇ ಬೇಡ. ವ್ಯಂಜನದ ನಂತರ ಸ್ವರ ಒತ್ತಿದರೆ ಅದು ತಾನಾಗಿ ಕಾಗುಣಿತವಾಗುತ್ತದೆ. ಒತ್ತಕ್ಷರಕ್ಕೆ ನಡುವೆ ಎಫ್. ಅಂದರೆ 'ಹೊನ್ನಾಳಿ'ಗೆ ಎಚ್, ಓ, ಎನ್, ಎಫ್, ಎನ್, ದೊಡ್ಡ ಎ, ದೊಡ್ಡ ಎಲ್, ಐ. ಮಗುವಿಗೆ ಗೊತ್ತಿರುವ ವ್ಯಾಕರಣವೇ ಇಲ್ಲಿ ಬೆರಳಿನ ಲೆಕ್ಕವಾಗಿದೆ. ಟ ವರ್ಗಕ್ಕೆ ಕ್ಯೂ ಮತ್ತು ಡಬ್ಲ್ಯೂ ಕೀಲಿಗಳು ಏಕೆ ಎಂದು ಮಕ್ಕಳು ಕೇಳುತ್ತಾರೆ. ಖಾಲಿ ಇದ್ದ ಕೀಲಿ ಅವು, ಅಷ್ಟೆ. ಒಂದು ವಾರದಲ್ಲಿ ಒಗ್ಗುತ್ತದೆ.

ಕರ್ನಾಟಕ ಸರ್ಕಾರ ಅಧಿಕೃತವೆಂದು ಒಪ್ಪಿರುವುದೂ ಇದೇ ವಿನ್ಯಾಸವನ್ನು. ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದಾಗಿ ಇದನ್ನು 'ಕಗಪ' ಎಂದೂ ಕರೆಯುತ್ತಾರೆ. ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳಲ್ಲಿ ಅದೇ ಹೆಸರಿನಲ್ಲಿ ಸಿಗುತ್ತದೆ.

ಇನ್‌ಸ್ಕ್ರಿಪ್ಟ್ ಪರವಾಗಿರುವವರ ವಾದವನ್ನೂ ಹೇಳುವುದು ನ್ಯಾಯ. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅದನ್ನು ಮಾನಕವಾಗಿ ಸ್ವೀಕರಿಸಿತು. ಅದರಲ್ಲಿ ಕನ್ನಡದ ಕ, ಹಿಂದಿಯ ಕ, ತೆಲುಗಿನ ಕ ಎಲ್ಲವೂ ಒಂದೇ ಕೀಲಿಯಲ್ಲಿವೆ. ಒಂದು ಭಾಷೆಯಲ್ಲಿ ಕಲಿತರೆ ಇನ್ನೊಂದಕ್ಕೆ ಸಲೀಸು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಕನ್ನಡಕ್ಕೆ ಅದರೊಳಗೇ ಇದ್ದುದು ಇನ್‌ಸ್ಕ್ರಿಪ್ಟ್ ಕೀಲಿಮಣೆ. ಜೊತೆಗೆ ಬಂದ ಕನ್ನಡ ಅಕ್ಷರಶೈಲಿಯ ಹೆಸರು 'ತುಂಗಾ'! ತುಂಗಭದ್ರೆಯ ದಡದಲ್ಲಿರುವ ಹೊನ್ನಾಳಿಯವರಿಗೆ ಇದನ್ನು ಹೇಳಿದರೆ ಖುಷಿಪಡುತ್ತಾರೆ. ಇನ್‌ಸ್ಕ್ರಿಪ್ಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕನ್ನಡ ಮತ್ತು ಇಂಗ್ಲಿಷ್ ಅಕ್ಷರ ಎರಡನ್ನೂ ಒಟ್ಟಿಗೆ ಕಲಿಯುತ್ತಿರುವ ಹತ್ತು ವರ್ಷದ ಮಗುವಿಗೆ ಜೆ ಎಂದು ಅಚ್ಚಾದ ಕೀಲಿಯಲ್ಲಿ ರ ಹುಡುಕು ಎನ್ನುವುದು ಹೆಚ್ಚಿನ ಹೊರೆ ಎನ್ನುತ್ತಿದ್ದೇನೆ.

ಕೀಲಿಮಣೆ ಒಂದೇ ಆದರೆ ಎಲ್ಲ ಸರಿಹೋಯಿತೇ? ಇಲ್ಲ. ಕಥೆ ಇರುವುದು ಕೀಲಿಯ ಆಚೆಗೆ.

ಹಿಂದೊಮ್ಮೆ ಜಗಳೂರು ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದೆ. ಮುಖ್ಯೋಪಾಧ್ಯಾಯರು ಗಣಕದ ಮುಂದೆ ತಲೆ ಮೇಲೆ ಕೈ ಹೊತ್ತು ಕುಳಿತಿದ್ದರು. ಪಟ್ಟಿಯಲ್ಲಿ ಒಬ್ಬ ಹುಡುಗಿಯ ಹೆಸರು ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಮಾತ್ರ ಸಿಗುತ್ತಿಲ್ಲ. "ನೋಡಿ ಸಾರ್, ಇಲ್ಲೇ ಇದಾಳೆ, ಇದು ಮಾತ್ರ ಇಲ್ಲ ಅಂತದೆ" ಎಂದರು. ಸಿಗಲಿಲ್ಲವೆಂದು ಯಾರೋ ಅವಳ ಹೆಸರನ್ನು ಮತ್ತೊಮ್ಮೆ ಸೇರಿಸಿದ್ದರು. ಒಂದೇ ಹುಡುಗಿ ಎರಡಾಗಿದ್ದಳು. ಒಂದು ಹೆಸರಿಗೆ ಹಾಜರಿ, ಇನ್ನೊಂದು ಹೆಸರಿಗೆ ವಿದ್ಯಾರ್ಥಿವೇತನದ ಅರ್ಜಿ.

ಕಾರಣ ಒಂದು ಸೊನ್ನೆ. ಅಥವಾ ಸೊನ್ನೆಯಲ್ಲದ ಸೊನ್ನೆ ಎನ್ನಿ. ಅವಳ ಹೆಸರಿನಲ್ಲಿ ಅನುಸ್ವಾರವಿತ್ತು. ಅನುಸ್ವಾರದ ಜಾಗದಲ್ಲಿ ಯಾರೋ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದ್ದರು. ಈ ಎರಡನ್ನು ನೋಡಿ: ರಂಗಯ್ಯನದುರ್ಗ, ರ೦ಗಯ್ಯನದುರ್ಗ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಅಂಕಿ. ಬಹುತೇಕ ಅಕ್ಷರಶೈಲಿಗಳಲ್ಲಿ ಕಣ್ಣಿಗೆ ವ್ಯತ್ಯಾಸ ತಿಳಿಯದು. ಗಣಕಕ್ಕೆ ಕಣ್ಣಿಲ್ಲ, ಅದು ನೋಡುವುದು ಸಂಖ್ಯೆಯನ್ನು. ಪ್ರಪಂಚದ ಎಲ್ಲ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆಯೇ ಯುನಿಕೋಡ್. ಅದರಲ್ಲಿ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ಅನುಸ್ವಾರದ ಸಂಖ್ಯೆ 3202. ಕನ್ನಡ ಸೊನ್ನೆಯ ಸಂಖ್ಯೆ 3302. ನಡುವೆ ನೂರು ಮನೆಗಳ ದೂರ. ಹೀಗಿರುವಾಗ ಕೊಂಡುಕುರಿಗಳ ವನ್ಯಧಾಮವಿರುವ ರಂಗಯ್ಯನದುರ್ಗ ಹುಡುಕಿದವರಿಗೆ ಹೇಗೆ ಸಿಕ್ಕೀತು?

ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಒಂದನೇ ತರಗತಿಯಲ್ಲಿ 'ಅಂ'ಗೆ 'ಅ ಮುಂದೆ ಸೊನ್ನೆ' ಎಂದು ಕಲಿಸಿದವರು ನಾವೇ ಅಲ್ಲವೇ? ಪಾಟಿಯ ಮೇಲೆ ಅದು ಸರಿ. ಗಣಕದಲ್ಲಿ ಮಗು ಸೊನ್ನೆಯನ್ನೇ ಹುಡುಕಿ ಒತ್ತುತ್ತದೆ. ನಮ್ಮ ಮಾತನ್ನು ಪಾಲಿಸಿದ ಮಗು ಅದು!

ಹೊನ್ನಾಳಿಯಲ್ಲಿ ಇನ್ನೊಂದು ಬಗೆಯ ಜೋಡಿ ಅಡಗಿದೆ. 'ಹೊ' ಅಕ್ಷರದ ಒ ಕಾರದ ಚಿಹ್ನೆಗೆ ಯುನಿಕೋಡ್‌ನಲ್ಲಿ 3274 ಎಂಬ ಒಂದೇ ಸಂಖ್ಯೆ ಇದೆ. ಅದನ್ನೇ ಎತ್ವ (3270) ಮತ್ತು ಊ ಕಾರದ ಚಿಹ್ನೆ (3266) ಎರಡನ್ನು ಸಾಲಾಗಿ ಇಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡೂ 'ಹೊ'. ಇವು ಸಮಾನವೆಂದು ಯುನಿಕೋಡ್ ನಿಯಮವೇ ಹೇಳುತ್ತದೆ. ಪುಟ ಕಟ್ಟುವವರು ಬಂದ ಪಠ್ಯವನ್ನು ಒಂದೇ ರೂಪಕ್ಕೆ ತಂದುಕೊಂಡರೆ ತೊಂದರೆ ಮುಗಿಯಿತು. ಸೊನ್ನೆಯದು ಹಾಗಲ್ಲ. ಯುನಿಕೋಡ್ ಪ್ರಕಾರ ಅನುಸ್ವಾರ ಬೇರೆ, ಅಂಕಿ ಬೇರೆ. ಅಲ್ಲಿ ಮನುಷ್ಯರೇ ಬುದ್ಧಿ ಓಡಿಸಬೇಕು: ಅಕ್ಷರದ ಬೆನ್ನಿಗೆ ಕನ್ನಡ ಸೊನ್ನೆ ಬಂದಿದ್ದರೆ ಅದು ಅನುಸ್ವಾರವೇ ಇರಬೇಕು ಎಂಬ ಒಂದು ಸಾಲಿನ ತಪಾಸಣೆ ಸಾಕು.

ಕಣ್ಣಿಗೇ ಕಾಣದ ಅಕ್ಷರವೂ ಒಂದಿದೆ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು ಜ್ ಮತ್ತು ಕು ನಡುವೆ 8204 ಸಂಖ್ಯೆಯ ಅಗೋಚರ ಚಿಹ್ನೆ ಇರಬೇಕು. ಇಲ್ಲದಿದ್ದರೆ 'ರಾಜ್ಕುಮಾರ್' ಎಂದು ಒತ್ತಕ್ಷರವಾಗುತ್ತದೆ. ಹಲವು ಮೊಬೈಲ್ ಕೀಲಿಮಣೆಗಳಲ್ಲಿ ಅದಕ್ಕೆ ಕಾಣುವಂಥ ಕೀಲಿಯೇ ಇಲ್ಲ.

ಈಗ ಬ್ರೌಸರ್ ವಿಷಯಕ್ಕೆ ಬರೋಣ. ಒಂದು ಕೀಲಿ ಒತ್ತಿದಾಗ ಏನಾಗುತ್ತದೆ? ಕೀಲಿಮಣೆಗೆ ಕನ್ನಡವೂ ತಿಳಿಯದು, ಇಂಗ್ಲಿಷೂ ತಿಳಿಯದು. 'ಇಂಥ ಜಾಗದ ಕೀಲಿ ಒತ್ತಿದರು' ಎಂದಷ್ಟೇ ಅದು ಹೇಳುತ್ತದೆ. ವಿಂಡೋಸ್ ಅಥವಾ ಲಿನಕ್ಸ್ ತನ್ನಲ್ಲಿರುವ ವಿನ್ಯಾಸದ ಪಟ್ಟಿಯನ್ನು ನೋಡಿ, ಆ ಜಾಗಕ್ಕೆ ಯಾವ ಅಕ್ಷರ ಎಂದು ತೀರ್ಮಾನಿಸುತ್ತದೆ. ನಂತರ ಸುದ್ದಿ ಬ್ರೌಸರ್‌ಗೆ, ಅಲ್ಲಿಂದ ಜಾಲಪುಟಕ್ಕೆ. ಚನ್ನಗಿರಿಯಿಂದ ಹೊರಟ ಅಡಿಕೆ ಮೂಟೆ ಮೂರು ಲಾರಿ ಬದಲಿಸಿದ ಹಾಗೆ. ಪ್ರತಿ ಲಾರಿಯವನೂ ಮೂಟೆಗೆ ತನ್ನದೇ ನಂಬರು ಬರೆದರೆ?

ಬಹಳ ವರ್ಷ ನಡೆದದ್ದು ಹಾಗೆಯೇ. ಅರ್ಧವಿರಾಮದ ಕೀಲಿಗೆ ಒಂದು ಬ್ರೌಸರ್ 186 ಎಂದರೆ, ಫೈರ್‌ಫಾಕ್ಸ್ 59 ಎನ್ನುತ್ತಿತ್ತು. ಕೊನೆಗೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎರಡು ಸಂಗತಿಗಳನ್ನು ಬೇರ್ಪಡಿಸಿತು: ಒತ್ತಿದ ಕೀಲಿಯ ಜಾಗ ಯಾವುದು ಎಂಬುದಕ್ಕೆ 'ಕೋಡ್', ಅದರಿಂದ ಬಂದ ಅಕ್ಷರ ಯಾವುದು ಎಂಬುದಕ್ಕೆ 'ಕೀ'. ಈಗಿನ ಬ್ರೌಸರ್‌ಗಳೆಲ್ಲ ಇದನ್ನು ಪಾಲಿಸುತ್ತವೆ. ಆದರೆ ಮೊಬೈಲ್‌ನಲ್ಲಿ ಈ ಲೆಕ್ಕವೂ ಕೈಕೊಡುತ್ತದೆ. ಗಾಜಿನ ಮೇಲೆ ಮೂಡುವ ಕೀಲಿಮಣೆ ಪದವನ್ನು ಊಹಿಸುತ್ತಾ, ತಿದ್ದುತ್ತಾ ಹೋಗುವುದರಿಂದ ಬ್ರೌಸರ್ ಅನೇಕ ಸಲ 229 ಎಂಬ ಒಂದೇ ಉತ್ತರ ಕೊಡುತ್ತದೆ. 'ಏನೋ ಬರೆಯುತ್ತಿದ್ದಾರೆ, ಯಾವ ಕೀಲಿಯೋ ಗೊತ್ತಿಲ್ಲ' ಎಂದು ಅದರ ಅರ್ಥ.

ಕೆಲವು ಜಾಲಪುಟಗಳು ಪ್ರತಿ ಕೀಲಿಯನ್ನೂ ತಾವೇ ಹಿಡಿದು ಕನ್ನಡಕ್ಕೆ ತಿರುಗಿಸಲು ಹೋಗುತ್ತವೆ. ಇದರಿಂದಾಗುವ ಎಡವಟ್ಟು ಎರಡು. ಮೊಬೈಲ್‌ನಲ್ಲಿ 229 ಬಂದಾಗ ಅವು ಬೆಪ್ಪಾಗುತ್ತವೆ. ಗಣಕದಲ್ಲಿ ಮೊದಲೇ ನುಡಿ ಹಾಕಿಕೊಂಡಿದ್ದರೆ ತಿರುಗಿಸಿದ್ದನ್ನೇ ಮತ್ತೆ ತಿರುಗಿಸಿ ಕಲಸುಮೇಲೋಗರ ಮಾಡುತ್ತವೆ. ಬೆರಳು ಯಾವ ಕೀಲಿ ಒತ್ತಿತು ಎಂದು ಪುಟ ಕಾವಲು ಕಾಯಬೇಕಾಗಿಲ್ಲ. ಪೆಟ್ಟಿಗೆಯೊಳಗೆ ಬಂದು ಬಿದ್ದ ಅಕ್ಷರ ಯಾವುದು ಎಂದು ನೋಡಿದರೆ ಸಾಕು. ಕನ್ನಡ ವಿಕಿಪೀಡಿಯ ಒಂದು ಒಳ್ಳೆಯ ಮಾದರಿ. ಅಲ್ಲಿ ಕೆ. ಪಿ. ರಾವ್, ಇನ್‌ಸ್ಕ್ರಿಪ್ಟ್, ಲಿಪ್ಯಂತರಣ ಮೂರೂ ಇವೆ. ಬೇಕಾದದ್ದನ್ನು ಆರಿಸಬಹುದು, ನಿಮ್ಮದೇ ಕೀಲಿಮಣೆ ಇದ್ದರೆ ಅದನ್ನು ನಿಲ್ಲಿಸಿಬಿಡಬಹುದು. ನಿಲ್ಲಿಸುವ ಗುಂಡಿ ಇರುವುದು ಮುಖ್ಯ.

'ಈಗ ಮೊಬೈಲಿಗೆ ಬಾಯಲ್ಲಿ ಹೇಳಿದರೆ ಅದೇ ಬರೆಯುತ್ತದೆ, ಕೀಲಿಮಣೆ ಏಕೆ?' ಎಂದು ಯುವ ಶಿಕ್ಷಕರೊಬ್ಬರು ಕೇಳಿದರು. ನಲವತ್ತು ಮಕ್ಕಳು ಒಂದೇ ಕೋಣೆಯಲ್ಲಿ ಒಟ್ಟಿಗೆ ಬಾಯಲ್ಲಿ ಹೇಳುವುದನ್ನು ಅವರು ಒಮ್ಮೆ ಮಾಡಿ ನೋಡಲಿ.

ಶಾಲೆಗಳಲ್ಲಿ ನಾಳೆಯೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ನಮ್ಮ ನಾಲ್ಕು ತಾಲ್ಲೂಕುಗಳ ಹೆಸರನ್ನು ಪ್ರತಿ ಗಣಕದಲ್ಲೂ, ಒಂದು ಮೊಬೈಲ್‌ನಲ್ಲೂ ಮಕ್ಕಳಿಂದ ಬರೆಸಿ. ಚನ್ನಗಿರಿಯಲ್ಲಿ ಸಜಾತಿ ಒತ್ತಕ್ಷರವಿದೆ (ಚನ್ನಗಿರಿಯೋ ಚೆನ್ನಗಿರಿಯೋ ಎಂಬುದು ಬೇರೆ ಜಗಳ, ಬಿಡಿ). ಹೊನ್ನಾಳಿಯಲ್ಲಿ ಒ ಕಾರವಿದೆ. ಜಗಳೂರಿನಲ್ಲಿ ಳ ಇದೆ. 2018ರಲ್ಲಿ ತಾಲ್ಲೂಕಾದ ನ್ಯಾಮತಿಯಲ್ಲಿ ವಿಜಾತಿ ಒತ್ತಕ್ಷರವಿದೆ. 'ನ್ಯಾ' ಬರೆದು ಅಳಿಸುವ ಕೀಲಿಯನ್ನು ಒಂದೊಂದೇ ಸಲ ಒತ್ತಿಸಿ. ಹಲವು ತಂತ್ರಾಂಶಗಳಲ್ಲಿ ಮೊದಲು ದೀರ್ಘ ಹೋಗುತ್ತದೆ, ನಂತರ ಯ, ನಂತರ ಒತ್ತಿನ ಚಿಹ್ನೆ, ಕೊನೆಗೆ ನ. ಒಂದು ಅಕ್ಷರದೊಳಗೆ ನಾಲ್ಕು ಸಂಖ್ಯೆ ಕುಳಿತಿರುವುದು ಮಕ್ಕಳಿಗೆ ಕಣ್ಣಾರೆ ಕಾಣುತ್ತದೆ. ಐದನೆಯದಾಗಿ ಅನುಸ್ವಾರ ಮತ್ತು ಅರ್ಕಾವತ್ತು ಎರಡೂ ಇರುವ ರಂಗಯ್ಯನದುರ್ಗ. ಬರೆದಾದ ಮೇಲೆ, ಒಂದು ಗಣಕದಲ್ಲಿ ಬರೆದ ಹೆಸರನ್ನು ಇನ್ನೊಂದರಿಂದ ಹುಡುಕಿಸಿ. ಸಿಗದಿದ್ದರೆ ಯಾವ ಅಕ್ಷರದಲ್ಲಿ ತಪ್ಪಿತು ಎಂದು ಮಕ್ಕಳೇ ಪತ್ತೆ ಹಚ್ಚಲಿ. ಕ್ಯಾಪ್ಸ್ ಲಾಕ್ ದೀಪ ಉರಿಯುತ್ತಿದೆಯೇ ಎಂದು ಮೊದಲು ನೋಡಿ. ಅದು ಉರಿಯುತ್ತಿದ್ದರೆ ಗ ಎಲ್ಲ ಘ ಆಗಿರುತ್ತದೆ.

ಆ ಶಾಲೆಯಲ್ಲಿ ಅಂದು ನಾವು ಎರಡು ಹೆಸರುಗಳಲ್ಲಿ ಒಂದನ್ನು ತೆಗೆದು, ಉಳಿದದ್ದರಲ್ಲಿ ಅಂಕಿಯ ಸೊನ್ನೆಯನ್ನು ಅಳಿಸಿದೆವು. ಹುಡುಗಿಯನ್ನೇ ಕರೆಸಿದೆವು. ಶಿಫ್ಟ್ ಹಿಡಿದು ಎಂ ಕೀಲಿಯನ್ನು ಅವಳೇ ಒತ್ತಿದಳು. ತೆರೆಯ ಮೇಲೆ ಏನೂ ಬದಲಾದಂತೆ ಕಾಣಲಿಲ್ಲ. "ಮೊದಲಿನ ಹಂಗೇ ಐತಲ್ಲ ಸಾರ್" ಎಂದಳು. ಮುಖ್ಯೋಪಾಧ್ಯಾಯರು ಹುಡುಕುವ ಗುಂಡಿ ಒತ್ತಿದರು. ಹೆಸರು ಬಂತು.